ಟವೆಲ್ಲಿನ ಕೆಳಗೆ ಒತ್ತಿದ ಹೆಬ್ಬೆರಳು

ನನ್ನ ನೌಕರಿ ಉಳಿಸಿಕೊಳ್ಳುವುದಕ್ಕೆ ನಾನು ಕೊಟ್ಟ ಬೆಲೆ ಒಬ್ಬ ಮನುಷ್ಯ. ಹೆಸರು ದಸ್ತಗೀರ, ಊರು ತಿಕೋಟಾ, ನನಗಿಂತ ಹಿರಿಯ, ನಾನು ಅಣ್ಣ ಎಂದು ಕರೆಯುತ್ತಿದ್ದವನು. ಇಡೀ ಕಾರಖಾನೆಯ ಕಣ್ಣೆದುರಿಗೆ, ಒಂದು ಟವೆಲ್ಲಿನ ಕೆಳಗೆ, ತುಟಿ ಎರಡು ಮಾಡದೆ ಅವನನ್ನು ಕೊಟ್ಟುಬಿಟ್ಟೆ. ಯಾಕೆ ಕೊಟ್ಟೆ ಎಂದರೆ — ಹೆದರಿದ್ದೆ. ಇದಕ್ಕಿಂತ ದೊಡ್ಡ ಕಾರಣ ಸಿಕ್ಕೀತೇ ಎಂದು ಇಷ್ಟು ವರ್ಷ ಹುಡುಕಿದ್ದೇನೆ. ಸಿಕ್ಕಿಲ್ಲ.

ನಾನು ವ್ಯಾಪಾರಿ. ಸರಕಿನ ಬೆಲೆ ಮೊದಲು ಹೇಳಬೇಕು, ಗುಣ ಆಮೇಲೆ ಹೇಳಬೇಕು ಎನ್ನುವವನು. ಗಿರಾಕಿ ಓಡಿಹೋಗುವುದಿದ್ದರೆ ಬಾಗಿಲಲ್ಲೇ ಓಡಿಹೋಗಲಿ. ಬೆಲೆ ಹೇಳಿದ್ದಾಯಿತು. ನಿಂತವರಿಗೆ ಉಳಿದದ್ದು ಹೇಳುತ್ತೇನೆ.

ನನ್ನ ಊರು ಬಬಲೇಶ್ವರ. ಸಾಲೆ ಬಿಟ್ಟದ್ದು ಬೇಗ, ಸಂತೆ ಹಿಡಿದದ್ದು ಅದಕ್ಕಿಂತ ಬೇಗ. ವಿಜಾಪುರದ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದೆ — ಈಗ ಎಲ್ಲರೂ ವಿಜಯಪುರ ಎನ್ನುತ್ತಾರೆ, ನನ್ನ ಬಾಯಿಗೆ ಇನ್ನೂ ಹಳೆಯದೇ ಬರುತ್ತದೆ. ಎತ್ತಿನ ವ್ಯಾಪಾರ ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಪರವಾಗಿ ನಿಂತ ದಲಾಲನ ಕೈ, ಎರಡೂ ಒಂದು ಟವೆಲ್ಲಿನ ಕೆಳಗೆ ಸೇರುತ್ತವೆ. ಹಿಡಿದ ಬೆರಳೆಷ್ಟೋ ಅಷ್ಟು ಅಂಕಿ, ಮಡಚಿದರೆ ಕಡಿತ, ಇಡೀ ಅಂಗೈ ಹಿಡಿದರೆ ಐದು. ಸುತ್ತ ಎಷ್ಟೇ ಜನ ನಿಂತಿರಲಿ, ಒಳಗಿನದು ಒಳಗೇ. ಮುಖ ಮಾತ್ರ ಕಲ್ಲಿನಂತಿರಬೇಕು. ಕೊಳ್ಳುವವನು ಕೈಯನ್ನು ಬಿಗಿಹಿಡಿದು ಒಮ್ಮೆ ಜಗ್ಗಿದನೆಂದರೆ ವ್ಯಾಪಾರ ಮುಗಿಯಿತು. ಆಮೇಲೆ ಹಿಂದೆ ಸರಿದವನಿಗೆ ಆ ಸಂತೆಯಲ್ಲಿ ಯಾರೂ ಒಂದು ತಂಬಿಗೆ ನೀರು ಕೊಡುವುದಿಲ್ಲ.

ಇನ್ನೊಂದು ಸನ್ನೆ ಇದೆ. ಅದು ದಲಾಲರದು. ವ್ಯಾಪಾರ ಮುಗಿದ ಮೇಲೂ ಕೈ ಬಿಡದೆ, ಹೆಬ್ಬೆರಳಿನಿಂದ ಎದುರಿನವನ ಅಂಗೈಯ ನಡುವೆ ಮೆಲ್ಲಗೆ ಒತ್ತುವುದು. ‘ನಂದೇನು?’ ಎಂದು ಅದರ ಅರ್ಥ. ಮಾರುವವನಿಂದ ದಲಾಲಿ ಹೇಗೂ ಬರುತ್ತದೆ. ಇದು ಕೊಳ್ಳುವವನಿಂದ, ಗುಟ್ಟಾಗಿ. ಎಲ್ಲರೂ ಒತ್ತುತ್ತಿದ್ದರು, ನಾನೂ ಒತ್ತುತ್ತಿದ್ದೆ. ತಪ್ಪೆಂದು ಒಂದು ದಿನವೂ ಅನ್ನಿಸಿರಲಿಲ್ಲ. ಕೈಗೆ ಹತ್ತಿದ ರೂಢಿ ಅದು, ಎಲೆಗೆ ಸುಣ್ಣ ಹಚ್ಚಿದಷ್ಟು ಸಲೀಸು.

ಮದುವೆಯ ಮಾತು ಬಂದಾಗ ನನಗೆ ಹೆಣ್ಣು ಕೊಡುವವರು ಒಂದೇ ಹಟ ಹಿಡಿದರು. ‘ದಲಾಲಗ ಕೊಡಾಂಗಿಲ್ಲ. ತಿಂಗಳಾ ಪಗಾರ ತರಾವ ಬೇಕು’ ಎಂದರು ಮಾವ. ಹಾಗಾಗಿ ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಪಗಾರದ ಮನುಷ್ಯನಾದೆ. ಸೇರಿದ್ದು ಊರ ಅಂಚಿನ ಒಂದು ಹೊಲಿಗೆಯ ಕಾರಖಾನೆಗೆ. ಹೊಲಿಯುತ್ತಿದ್ದದ್ದು ಅಂಗಿಯನ್ನಲ್ಲ, ವಿಮಾನದ ಹೊದಿಕೆಯನ್ನು.

ನಗಬೇಡಿ. ಬೆಂಗಳೂರಿನಲ್ಲಿ ವಿಮಾನ ಕಟ್ಟುವ ದೊಡ್ಡ ಕಾರ್ಖಾನೆ ಇತ್ತಲ್ಲ, ಅಲ್ಲಿ ತಯಾರಾದ ವಿಮಾನ ಬಯಲಲ್ಲಿ ನಿಂತಾಗ ಮೂಗಿಗೆ, ರೆಕ್ಕೆಗೆ, ನಡೆಸುವವನು ಕೂರುವ ಗಾಜಿನ ಗೂಡಿಗೆ ದಪ್ಪ ಕ್ಯಾನ್ವಾಸಿನ ಹೊದಿಕೆ ಬೇಕಾಗುತ್ತಿತ್ತು. ನಮ್ಮದು ಟಾಂಗಾದ ಊರು. ಕುದುರೆಗೆ ಜೀನು, ಲಗಾಮು ಹೊಲಿಯುವ ಮನೆತನಗಳು ತಲೆಮಾರುಗಳಿಂದ ಇಲ್ಲಿದ್ದವು. ಟಾಂಗಾ ಕಡಿಮೆಯಾಗುತ್ತ ಬಂದಂತೆ ಆ ಕೈಗಳು ಖಾಲಿ ಕುಳಿತಿದ್ದವು. ಅವನ್ನೆಲ್ಲ ಕೂಡಿಸಿ ಕಾರಖಾನೆ ಹಾಕಿದವರು ನಮ್ಮ ಸಾವಕಾರ. ಎತ್ತು ಮಾರುವ ಮನೆಯಿಂದಲೇ ಬಂದವರು. ನನ್ನ ಬಾಯಿ ಸಂತೆಯಲ್ಲಿ ಕೇಳಿ ಗೊತ್ತಿದ್ದವರು. ದಾರ, ಮೇಣ, ಹಿತ್ತಾಳೆ ಕಡಗ, ಚರ್ಮದ ಪಟ್ಟಿ ಚೌಕಾಸಿ ಮಾಡಿ ತರುವ ಕೆಲಸ ನನಗೆ ಕೊಟ್ಟರು. ಸೂಜಿ ಹಿಡಿಯಲು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ವಿಮಾನವನ್ನು ಹತ್ತಿರದಿಂದ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅಳತೆಗೆಂದು ವಿಮಾನದ ಮೂಗಿನ ಆಕಾರದ ಒಂದು ಕಟ್ಟಿಗೆಯ ಅಚ್ಚು ಬೆಂಗಳೂರಿನಿಂದ ಬಂದಿತ್ತು. ಕಾರಖಾನೆಯ ನಡುವೆ ಅದು ಸದಾ ಆಕಾಶ ನೋಡುತ್ತ ನಿಂತಿರುತ್ತಿತ್ತು. ದಸ್ತಗೀರಣ್ಣ ಅದಕ್ಕೆ ಇಟ್ಟ ಹೆಸರು ‘ಬೀಗರ ಮೂಗು’.

‘ನೋಡ್ರಲೇ, ಎಷ್ಟ ಅರಿವಿ ಸುತ್ತಿದ್ರೂ ಇನ್ನಷ್ಟ ಬೇಡತೈತಿ! ಖರೇನ ಬೀಗರದ!’ ಎನ್ನುತ್ತಿದ್ದ.

ಅವನ ಬಗ್ಗೆ ಬರೆಯಲು ಕುಳಿತರೆ ಪೆನ್ನು ತಾನಾಗಿ ಓಡುತ್ತದೆ. ಎತ್ತರದ ಆಳು, ತುದಿ ತಿರುವಿದ ಮೀಸೆ, ದನಿ ಗೋಳಗುಮ್ಮಟದಲ್ಲಿ ಬಿಟ್ಟಂತೆ. ವಿನಯವೆಂಬುದು ಅವನ ಮನೆಯ ದಾರಿ ಹಿಡಿದಿರಲಿಲ್ಲ. ‘ನಮ್ಮಪ್ಪ ಕುದುರಿಗೆ ಹೊಲದಾ. ನಾ ವಿಮಾನಕ್ಕ ಹೊಲಿಯಾಕತ್ತೇನಿ. ನನ್ನ ಮಗಾ ಚಂದ್ರಾಮಗ ಕುಂಚಿಗಿ ಹೊಲೀತಾನ, ಬರದಿಟ್ಕೋರಿ’ ಎಂದು ಹೊಸಬರ ಮುಂದೆ ಕೊಚ್ಚಿಕೊಳ್ಳುತ್ತಿದ್ದ. ಆದರೆ ಆ ಹೊಸಬರು ಸೂಜಿ ಹಿಡಿಯಲು ಕಷ್ಟಪಟ್ಟರೆ ತನ್ನ ಕೆಲಸ ಬಿಟ್ಟು ಎದ್ದು ಹೋಗಿ ಹಿಂದೆ ಕೂತು, ಅವರ ಕೈ ಮೇಲೆ ಕೈ ಇಟ್ಟು ಕಲಿಸುತ್ತಿದ್ದ. ಬೇರೆ ಹಿರಿಯರು ತಮ್ಮ ಕಸಬು ಮುಚ್ಚಿಡುತ್ತಿದ್ದರು, ಇವನು ಮುಚ್ಚಿಡಲಿಲ್ಲ. ‘ವಿದ್ಯೆ ಮುಚ್ಚಿಟ್ರ ಬೂಸರ ಹಿಡೀತೈತಿ’ ಎನ್ನುತ್ತಿದ್ದ. ಮಧ್ಯಾಹ್ನ ಅವನ ಬುತ್ತಿ ಬಿಚ್ಚಿದರೆ ಅದು ಅವನದಾಗಿ ಉಳಿಯುತ್ತಿರಲಿಲ್ಲ. ಅವನ ಹೆಂಡತಿ ಮಾಬೂಬಿ ವೈನಿ ಬಡಿದ ರೊಟ್ಟಿ, ಶೇಂಗಾ ಚಟ್ನಿ ಸುತ್ತಲಿನವರ ಕೈ ದಾಟಿ ಕಡೆಗೆ ಅವನಿಗೆ ಚೂರು ಸಿಗುತ್ತಿತ್ತು. ತಿನ್ನುವವರಲ್ಲಿ ಮುಂದಿನ ಕೈ ಯಾವಾಗಲೂ ನನ್ನದು.

ಪ್ರತಿ ಹೊದಿಕೆಗೂ ಒಂದು ಕೆಂಪು ಬಟ್ಟೆಯ ಉದ್ದ ಬಾಲ ಇರುತ್ತಿತ್ತು. ಹೊದಿಕೆ ತೆಗೆಯುವುದನ್ನು ಮರೆತು ವಿಮಾನ ಎಬ್ಬಿಸಬಾರದಲ್ಲ. ದೂರದಿಂದಲೇ ಕಣ್ಣಿಗೆ ಬೀಳಲಿ ಎಂದು. ಆ ಬಾಲವನ್ನು ಬೇರೆ ಯಾರಿಗೂ ಹೊಲಿಯಲು ಬಿಡುತ್ತಿರಲಿಲ್ಲ ದಸ್ತಗೀರಣ್ಣ. ‘ಒಳಗ ಕುಂತಾವ ಯಾರದೋ ಮಗಾ’ ಎಂದಷ್ಟೇ ಹೇಳಿ ಎರಡೆರಡು ಸಲ ಗಂಟು ಹಾಕುತ್ತಿದ್ದ.

ದಶಕದ ನಡುವಿಗೆ ಬಂದಾಗ ಬೆಂಗಳೂರಿನ ಬೇಡಿಕೆ ಇಳಿಯಿತು. ಅಲ್ಲಿ ವಿಮಾನ ಕಟ್ಟುವುದು ಕಡಿಮೆಯಾಗುತ್ತದಂತೆ, ಅಲ್ಲಿಯವರನ್ನೇ ಮನೆಗೆ ಕಳಿಸುತ್ತಾರಂತೆ — ಎಲ್ಲ ಅಂತೆಯೇ. ಖರೆ ಯಾವುದು ಯಾರಿಗೂ ಗೊತ್ತಿಲ್ಲ. ಒಮ್ಮೆ ಸಾವಕಾರರು ಬೆಂಗಳೂರಿಗೆ ಹೋಗಿ ಬಂದು, ‘ಅಲ್ಲಿ ದೊಡ್ಡದೊಡ್ಡವರ ಕಾಲ ನಡಗಾಕತ್ತಾವು, ನಮ್ಮದೇನ ಹೇಳೂದು’ ಎಂದದ್ದೇ ಸಾಕಾಯಿತು.

ನೌಕರಿ ಹೋಗುವ ಹೆದರಿಕೆ ಹೇಗಿರುತ್ತದೆ ಎಂದು ಅನುಭವಿಸದವರಿಗೆ ಹೇಳುತ್ತೇನೆ. ಅದು ಗುಡುಗಿನಂತೆ ಬರುವುದಿಲ್ಲ. ಬೆಳಿಗ್ಗೆ ಹೊನವಾಡದ ಬಸ್ಸು, ತಿಕೋಟಾದ ಬಸ್ಸು ಇಳಿದು ಬಂದವರು ಮೊದಲೆಲ್ಲ ಒಬ್ಬರಿಗೊಬ್ಬರು ಶರಣು ಶರಣಾರ್ಥಿ, ಸಲಾಮು ಎನ್ನುತ್ತ ಒಳಗೆ ಬರುತ್ತಿದ್ದರು. ಈಗ ಬಾಗಿಲು ದಾಟಿದ ಕೂಡಲೇ ಎಲ್ಲರ ಕಣ್ಣು ಹೋಗುತ್ತಿದ್ದದ್ದು ಗೋಡೆಯ ಕಡೆ ಪೇರಿಸಿದ ಕ್ಯಾನ್ವಾಸಿನ ಸುರುಳಿಗಳ ಮೇಲೆ. ಎತ್ತರ ಎಷ್ಟು ಇಳಿದಿದೆ — ಅಷ್ಟೇ ನೋಟ. ಆಮೇಲೆ ಕೈಗಳು ನಿಧಾನವಾದವು. ಬೇಗ ಹೊಲಿದರೆ ಬಟ್ಟೆ ಬೇಗ ಮುಗಿಯುತ್ತದೆ. ಬಟ್ಟೆ ಮುಗಿದರೆ ನಾವು ಮುಗಿದೆವು ಎಂಬ ಲೆಕ್ಕ.

ದಸ್ತಗೀರಣ್ಣ ಒಬ್ಬನೇ ಮೊದಲಿನ ಹಾಗೆಯೇ ಸರಸರ ಹೊಲಿಯುತ್ತಿದ್ದ.

‘ಯಣ್ಣಾ, ಸ್ವಲ್ಪ ಸಾವಕಾಶ ಹೊಲಿ, ನಮ್ಮ ಹೊಟ್ಟಿ ಮ್ಯಾಲ ಹೊಲಿಗಿ ಹಾಕಬ್ಯಾಡ’ ಎಂದ ಸಿದ್ರಾಮ. ಹೊನವಾಡದ ಇವನು ಹೊದಿಕೆ ಮಡಚಿ ಗಂಟು ಕಟ್ಟುವ ಕೆಲಸದವನು, ನಾಲಿಗೆ ಚೂಪು.

‘ಕೈಗೆ ಕುಂಟೂದು ಕಲಿಸಿದ್ರ ಆಮ್ಯಾಲ ಓಡಂಗಿಲ್ಲ ತಮ್ಮಾ. ಕೆಲಸ ಹೋದ್ರ ಹೋಗವಲ್ದ್ಯಾಕ, ಕೈ ಯಾಕ ಕಳಕೊಳ್ಳಲಿ?’ ಎಂದ ದಸ್ತಗೀರಣ್ಣ, ಸೂಜಿಯಿಂದ ಕಣ್ಣೆತ್ತದೆ.

ಎಲ್ಲರೂ ಹೆದರಿದ್ದಾಗ ಒಬ್ಬ ಹೆದರದೆ ಕೂತರೆ, ಹೆದರಿದವರಿಗೆ ಅವನ ಮೇಲೆ ಪ್ರೀತಿ ಬರುತ್ತದೆಯೋ, ಸಿಟ್ಟು ಬರುತ್ತದೆಯೋ? ಈ ಪ್ರಶ್ನೆಯನ್ನು ಇಲ್ಲಿ ಇಟ್ಟು ಮುಂದೆ ಹೋಗುತ್ತೇನೆ.

ಕೊನೆಗೆ ಒಂದು ದಿನ ಸಾವಕಾರರು ಮಂದಿ ಕಡಿಮೆ ಮಾಡಬೇಕಾಗಿದೆ ಎಂದು ಬಾಯಿಬಿಟ್ಟು ಹೇಳಿದರು. ಎಷ್ಟು, ಯಾರು ಎಂದು ಹೇಳಲಿಲ್ಲ. ನಮ್ಮ ಪರವಾಗಿ ಒಬ್ಬ ಮಾತಾಡಲಿ ಎಂದರು. ಎಲ್ಲರ ಮುಖ ನನ್ನ ಕಡೆ ತಿರುಗಿತು.

‘ಗುರುಪಾದ ಇದ್ದಾನಲ್ಲ! ಹಲ್ಲ ಬಿದ್ದ ಎತ್ತಿಗೂ ಗಿರಾಕಿ ಹುಡುಕಾವ. ನಾವ ಹಲ್ಲರೇ ಇದ್ದಾವ್ರು’ ಎಂದ ಸಿದ್ರಾಮ. ನಗು ಬಂತು. ಬಹಳ ದಿನದ ಮೇಲೆ ಬಂದ ನಗು ಅದು.

ದಸ್ತಗೀರಣ್ಣ ನನ್ನ ಹೆಗಲ ಮೇಲೆ ಕೈ ಹಾಕಿದ. ‘ಹೋಗೋ ದಲಾಲಾ. ನಮ್ಮನ್ನ ಛಲೋ ದರಕ್ಕ ಉಳಿಸ್ಕೊಂಡ ಬಾ.’

ನಾನು ಒಳಗೊಳಗೇ ತಣ್ಣಗಾಗಿದ್ದೆ. ಯಾಕೆಂದರೆ ಹೋಗುವವರಲ್ಲಿ ಮೊದಲಿಗ ನಾನೇ ಎಂದು ನನಗೆ ಗೊತ್ತಿತ್ತು. ಸೂಜಿ ಬಾರದವನು, ಬಟ್ಟೆಯೇ ಬರದಿದ್ದರೆ ದಾರ ಚೌಕಾಸಿ ಮಾಡುವವನು ಯಾಕೆ ಬೇಕು? ಮನೆಯಲ್ಲಿ ಹೆಂಡತಿ ಮೊದಲ ಬಸಿರು. ಪಗಾರ ನೋಡಿ ಹೆಣ್ಣು ಕೊಟ್ಟ ಮಾವ. ಮರಳಿ ಸಂತೆಗೆ ಹೋಗಿ ಎತ್ತಿನ ಬಾಲ ತಿರುವುತ್ತ ನಿಂತದ್ದನ್ನು ಅವರು ಕಂಡರೆ... ಇದನ್ನು ನೆಪವೆಂದು ಹೇಳುತ್ತಿಲ್ಲ. ಅಲ್ಲಿ ಕೂತವರಲ್ಲಿ ಯಾರ ಮನೆಯಲ್ಲಿ ಬಸಿರು ಇರಲಿಲ್ಲ, ಮಾವ ಇರಲಿಲ್ಲ?

ಸಾವಕಾರರು ಬೀಗರ ಮೂಗಿನ ಪಕ್ಕದಲ್ಲಿ ಕಂಬಳಿ ಹಾಸಿ ಕೂತಿದ್ದರು. ನಾನು ಎದುರಿಗೆ ಕೂತೆ. ಬಾಯಿಂದ ಅಂಕಿ ಹೇಳಿದರೆ ಅಲ್ಲೇ ಗಲಾಟೆಯಾದೀತು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹಾಸಿದರು. ‘ನಮಗಿಬ್ರಿಗೂ ಬರೂ ಭಾಷಾದಾಗ ಮಾತಾಡೂಣು ಬಾ’ ಎಂದರು.

‘ಆತಪ್ಪಾ, ನಾವೂ ದನಾ ಆದೀವಿ’ ಎಂದು ಹಿಂದಿನಿಂದ ಯಾರೋ ಅಂದರು. ಈ ಸಲ ಯಾರೂ ನಗಲಿಲ್ಲ.

ಸಾವಕಾರರು ನನ್ನ ಅಂಗೈಯನ್ನು ಎರಡು ಸಲ ಪೂರ್ತಿ ಹಿಡಿದರು. ಹತ್ತು. ಹತ್ತು ಮಂದಿ ಹೋಗಬೇಕು. ನಾನು ಕೈ ಕೊಡವಿದೆ. ಬೆರಳು ಮಡಚಿದೆ. ಅವರು ಬಿಚ್ಚಿದರು. ಮತ್ತೆ ಮಡಚಿದೆ. ಹಾಗೆ ಜಗ್ಗಾಡಿದೆವು, ನನ್ನ ಜೀವಮಾನದ ಅತಿ ದೊಡ್ಡ ವ್ಯಾಪಾರ ಅದು, ಮತ್ತು — ಹೇಳಲು ನಾಚಿಕೆಯಾಗುತ್ತದೆ — ನಾನು ಚೆನ್ನಾಗಿ ಮಾಡಿದೆ. ಏಳಕ್ಕೆ ತಂದೆ, ಐದಕ್ಕೆ ತಂದೆ. ಕಡೆಗೆ ಸಾವಕಾರರು ಮೂರು ಬೆರಳು ಹಿಡಿದು, ಬಿಗಿಮಾಡಿ, ಒಮ್ಮೆ ಜಗ್ಗಿದರು. ಮುಗಿಯಿತು. ಹತ್ತು ಮೂರಾಗಿತ್ತು. ಅಲ್ಲಿಗೆ ಕೈ ತೆಗೆದಿದ್ದರೆ ಈ ಬರಹ ಬೇಕಾಗಿರಲಿಲ್ಲ. ಆ ಮೂವರಲ್ಲಿ ಒಬ್ಬನಾಗಿ ಬಬಲೇಶ್ವರದ ಬಸ್ಸು ಹತ್ತಿ ಹೋಗುತ್ತಿದ್ದೆ, ತಲೆ ಎತ್ತಿಕೊಂಡು.

ಕೈ ತೆಗೆಯಲಿಲ್ಲ. ಹೆಬ್ಬೆರಳು ತಾನಾಗಿ ಅವರ ಅಂಗೈಯ ನಡುವೆ ಹೋಗಿ ಒತ್ತಿತು. ತಾನಾಗಿ ಎಂದೆನೇ? ಇಲ್ಲ. ನಾನೇ ಒತ್ತಿದೆ. ‘ನಂದೇನು?’

ಎತ್ತಿನ ಮನೆತನದವರಿಗೆ ಬಿಡಿಸಿ ಹೇಳಬೇಕೇ? ಸಾವಕಾರರ ಹುಬ್ಬು ತುಸುವೇ ಏರಿತು. ಆಮೇಲೆ ಅವರ ಕಣ್ಣು ನನ್ನ ಹೆಗಲಾಚೆ, ಕೂತವರ ಸಾಲಿನ ಮೇಲೆ ಮೆಲ್ಲಗೆ ಸರಿಯತೊಡಗಿತು. ನಿನ್ನ ಬದಲಿಗೆ ಯಾರು — ಅಷ್ಟೇ ಅದರ ಅರ್ಥ. ನಾನು ತಿರುಗಿ ನೋಡಬೇಕಾಗಿರಲಿಲ್ಲ. ಯಾರು ಎಲ್ಲಿ ಕೂರುತ್ತಾರೆ ಎಂದು ಕಣ್ಣು ಮುಚ್ಚಿದರೂ ಗೊತ್ತಿತ್ತು. ಅವರ ನೋಟ ಸಾಲಿನ ತುದಿಗೆ, ಗಾಳಿ ಬರುವ ಕಿಟಕಿಯ ಪಕ್ಕಕ್ಕೆ ಹೋಗಿ ನಿಂತಾಗ ನಾನು ಮತ್ತೆ ಒತ್ತಿದೆ. ಕಿಟಕಿಯ ಪಕ್ಕ ಕೂರುತ್ತಿದ್ದವನು ದಸ್ತಗೀರಣ್ಣ.

ಅವನೇ ಯಾಕೆ? ಎಲ್ಲರಿಗಿಂತ ಹೆಚ್ಚು ಪಗಾರ ಅವನದು, ಸಾವಕಾರರು ಕೂಡಲೇ ಒಪ್ಪುತ್ತಾರೆ ಎಂಬ ವ್ಯಾಪಾರದ ಬುದ್ಧಿ ಒಂದು. ಇವನು ಹೇಗೂ ಬದುಕುತ್ತಾನೆ ಎಂಬ ಸಮಾಧಾನ ಇನ್ನೊಂದು. ಮತ್ತೆ ಆಗ ಇಟ್ಟು ಬಂದ ಪ್ರಶ್ನೆ ಇದೆಯಲ್ಲ — ನಾವೆಲ್ಲ ನಡುಗುವಾಗ ಅವನು ಸರಸರ ಹೊಲಿಯುತ್ತಿದ್ದನಲ್ಲ — ಅದು ನನ್ನ ಕಣ್ಣಿಗೆ ಚುಚ್ಚಿತ್ತೇ? ಚುಚ್ಚಿತ್ತು.

ಕೈ ಹೊರಗೆ ತೆಗೆದು ಎದ್ದು ನಿಂತು ಹೇಳಿದೆ: ‘ಹತ್ತ ಕೇಳಿದ್ರು. ಮೂರಕ್ಕ ಇಳಿಸೇನಿ. ಹೆಸರ ಸಾವಕಾರ್ರು ನಾಳೆ ಹೇಳತಾರ.’

ಸುಳ್ಳೇನೂ ಇರಲಿಲ್ಲ ಅದರಲ್ಲಿ, ನೋಡಿ. ದಲಾಲರು ಸುಳ್ಳು ಹೇಳುವುದು ಕಡಿಮೆ.

ಕಾರಖಾನೆ ಎದ್ದು ಕುಣಿಯಿತು. ದಸ್ತಗೀರಣ್ಣ ಓಡಿ ಬಂದ. ಹೊದಿಕೆಯ ಬಾಲಕ್ಕೆಂದು ಇಟ್ಟಿದ್ದ ಕೆಂಪು ಬಟ್ಟೆ ಒಂದಿಷ್ಟು ಹರಿದು ನನ್ನ ತಲೆಗೆ ರುಮಾಲು ಸುತ್ತಿದ. ನಮ್ಮ ಕಡೆ ಗೆದ್ದು ಬಂದವನಿಗೆ ಎಲ್ಲರೆದುರು ರುಮಾಲು ಸುತ್ತುವುದು ಸಣ್ಣ ಮರ್ಯಾದೆಯಲ್ಲ. ಸುತ್ತಿ, ತುದಿ ಸಿಗಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿ, ‘ಈಗ ವಿಮಾನ ಕಂಡಂಗ ಕಾಣ್ತಿ ಮಗನ!’ ಎಂದ. ನಾನು ನಕ್ಕೆ. ಹೌದು, ನಕ್ಕೆ.

ಮರುದಿನ ಬೆಳಿಗ್ಗೆ ಹೆಸರು ಹೇಳುವ ಮೊದಲು ಸಾವಕಾರರು ನನ್ನನ್ನು ಒಳಗೆ ಕರೆದರು. ‘ಖರೇನಲೇ? ಅವ ಇಲ್ದ ಕೆಲಸ ಕುಂಟತೈತಿ. ಇನ್ನೂ ವ್ಯಾಳ್ಯಾ ಐತಿ, ವಿಚಾರ ಮಾಡು’ ಎಂದರು. ಹಿಂದೆ ಸರಿಯಲು ಬಾಗಿಲು ತೆರೆದಿಟ್ಟಿದ್ದರು. ನಾನು ಹೇಳಿದ ಮಾತು ಅಕ್ಷರ ತಪ್ಪದೆ ನೆನಪಿದೆ:

‘ಕೈಯಾಗ ವಿದ್ಯೆ ಇದ್ದಾವ ಎಲ್ಲಿದ್ರೂ ಬದುಕತಾನ್ರಿ, ಸಾವಕಾರ್ರ.’

ಟವೆಲ್ಲಿನ ಕೆಳಗಿನದು ಒಂದು ಗಳಿಗೆಯ ಹೆದರಿಕೆ ಎನ್ನಬಹುದೇನೋ. ಇದನ್ನು ಏನೆನ್ನಲಿ? ಒಂದು ರಾತ್ರಿ ಮಲಗಿ ಎದ್ದು ಬಂದು ಆಡಿದ ಮಾತು.

ಹೆಸರು ಹೊರಬಿತ್ತು: ಸಿದ್ರಾಮ, ಬಟ್ಟೆಗೆ ಮೇಣ ಉಜ್ಜುತ್ತಿದ್ದ ಇಟ್ಟಂಗಿಹಾಳದವನೊಬ್ಬ, ಮತ್ತು ದಸ್ತಗೀರ. ಮೂರನೆಯ ಹೆಸರು ಕೇಳಿ ಎಲ್ಲರೂ ಸಾವಕಾರರಿಗೆ ಹಿಡಿಶಾಪ ಹಾಕಿದರು. ನನ್ನನ್ನು ಯಾಕೆ ಉಳಿಸಿದರು ಎಂಬುದಕ್ಕೆ ಅವರೇ ಉತ್ತರವನ್ನೂ ಹುಡುಕಿಕೊಂಡರು — ಮಂದಿಗಾಗಿ ಜಗ್ಗಾಡಿದವನನ್ನು ಮುಟ್ಟಲು ಸಾವಕಾರ ಹೆದರಿದ ಎಂದು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ‘ನನ್ನ ಕೈಯಾಗ ಬರೇ ಅಂಕಿ ಇತ್ತು’ ಎಂದೆ. ಆ ವಾಕ್ಯದಲ್ಲಿ ಮಾತ್ರ ಸುಳ್ಳಿತ್ತು.

ದಸ್ತಗೀರಣ್ಣ ಕೂಡಲೇ ಎದ್ದು ಹೋಗಲಿಲ್ಲ. ತೊಡೆಯ ಮೇಲಿದ್ದ ಹೊದಿಕೆ ಪೂರ್ತಿ ಮಾಡಿದ. ಸಿದ್ರಾಮ, ‘ಇನ್ನೂ ಯಾರ ಸಲವಾಗಿ ಹೊಲಿಯಾಕತ್ತಿ?’ ಎಂದು ರೇಗಿದ್ದಕ್ಕೆ, ‘ವಿಮಾನ ಏನ ತಪ್ಪ ಮಾಡೈತಿ?’ ಎಂದ. ಕೆಂಪು ಬಾಲಕ್ಕೆ ಎರಡು ಗಂಟು ಹಾಕಿ, ದಾರ ಕಡಿದು, ತನ್ನ ದಬ್ಬಣ, ಕತ್ತರಿ ಚೀಲದಲ್ಲಿ ಇಟ್ಟುಕೊಂಡ. ಬಾಗಿಲಲ್ಲಿ ನನ್ನ ಹತ್ತಿರ ನಿಂತ. ನನ್ನ ಮುಖ ಹೇಗಿತ್ತೋ ಏನೋ.

‘ನೀ ಯಾಕ ಹಿಂಗ ಹೆಣಾ ಕಂಡಂಗ ನಿಂತಿ? ಹತ್ತ ಮನಿ ಒಲಿ ಆರತಿತ್ತು, ಮೂರಕ್ಕ ತಂದಿ. ಸಣ್ಣ ಮಾತೇನು?’ ಎಂದು ಬೆನ್ನು ತಟ್ಟಿ ಹೋದ.

ಆಗ ಹೇಳಬಹುದಿತ್ತು. ಆ ಬಾಗಿಲಲ್ಲಿ.

ಆಮೇಲಿನದು ಅವನ ಕಥೆ. ಹೇಳುವಾಗ ನನ್ನ ಎದೆ ಈಗಲೂ ಹಿಗ್ಗುತ್ತದೆ, ಹಿಗ್ಗುವ ಹಕ್ಕು ನನಗಿಲ್ಲದಿದ್ದರೂ. ಕೆಲವು ತಿಂಗಳು ಅವನ ಮನೆ ಬಹಳ ಕಷ್ಟ ಕಂಡಿತು. ಮಾಬೂಬಿ ವೈನಿ ತಿಕೋಟಾದಲ್ಲಿ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋದರು. ಇವನು ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ, ಹಳೆಯ ಮನೆಯೊಂದರ ಕಟ್ಟೆಯ ಮೇಲೆ ಕೂತು ಹರಿದ ಚೀಲ, ಟಾಂಗಾದ ಸೀಟು, ಎತ್ತಿಗೆ ಹೊದಿಸುವ ಝೂಲ ಹೊಲಿದ. ಬರುವ ಕೆಲಸ ಒಬ್ಬನಿಗೇ ಸಾಲದು. ಆದರೂ ಸಿದ್ರಾಮನನ್ನೂ ಇಟ್ಟಂಗಿಹಾಳದವನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಸೂಜಿ ಕಲಿಸಿದ. ‘ಮೂವರೂ ಕೂಡೇ ಬಿದ್ದೀವಿ, ಕೂಡೇ ಏಳೂಣು’ ಎಂದನಂತೆ.

ಆಗಷ್ಟೇ ತಿಕೋಟಾ, ಹೊನವಾಡದ ಕಡೆ ದ್ರಾಕ್ಷಿ ಹಚ್ಚುವವರು ಹೆಚ್ಚುತ್ತಿದ್ದರು. ಹಣ್ಣು ಬುಟ್ಟಿಯಲ್ಲಿ ಉಜ್ಜಿ, ಒಡೆದು ಪೇಟೆ ಮುಟ್ಟುವಷ್ಟರಲ್ಲಿ ಹಾಳಾಗುತ್ತಿತ್ತು. ವಿಮಾನದ ಗಾಜಿಗೆ ಗೆರೆ ಬೀಳದ ಹಾಗೆ ಹೊದಿಕೆಯ ಒಳಮೈಗೆ ನಾವು ಮೆತ್ತನೆಯ ಉಣ್ಣೆಯ ಬಟ್ಟೆ ಕೊಡುತ್ತಿದ್ದೆವು. ದಸ್ತಗೀರಣ್ಣ ಅದೇ ರೀತಿಯಲ್ಲಿ ದ್ರಾಕ್ಷಿ ಬುಟ್ಟಿಗೆ ಒಳಅಂಗಿ ಹೊಲಿದುಕೊಟ್ಟ. ಮೊದಲು ಒಬ್ಬ ರೈತ ಒಯ್ದ. ಆಮೇಲೆ ಅವನ ಬೀಗರು ಬಂದರು. ಆಮೇಲೆ ಕಟ್ಟೆ ಸಾಲದಾಯಿತು, ಒಂದು ಅಂಗಡಿ ಹಿಡಿದ. ‘ವಿಮಾನ ಹಾರಿ ಹೋತು, ದ್ರಾಕ್ಷಿ ಕೈಗೆ ಬಂತು’ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡ. ವಿನಯ ಆಗಲೂ ಬಂದಿರಲಿಲ್ಲ.

ದಶಕ ಮುಗಿಯುವ ಮೊದಲೇ ನಮ್ಮ ಕಾರಖಾನೆ ಬಾಗಿಲು ಹಾಕಿತು. ಉಳಿದವರೆಲ್ಲ ಬೀದಿಗೆ ಬಂದೆವು. ಮನುಷ್ಯನನ್ನು ಕೊಟ್ಟು ಉಳಿಸಿಕೊಂಡ ನೌಕರಿಯ ಆಯುಷ್ಯ ಅಷ್ಟು.

ಬಾಗಿಲು ಹಾಕಿದ ವಾರದಲ್ಲೇ ದಸ್ತಗೀರಣ್ಣ ಬಬಲೇಶ್ವರದ ನಮ್ಮ ಮನೆಗೆ ಬಂದ. ‘ಹೊಲಿಯಾಕ ಕೈ ಬೇಕಾದಷ್ಟ ಅದಾವು. ಮಾರಾಕ ಬಾಯಿ ಇಲ್ಲ. ನಿನ್ನ ಬಾಯಿ ಕೊಡು’ ಎಂದ.

ಕೊಟ್ಟೆ. ಅವನ ಅಂಗಡಿಯ ಸರಕು ಹೊತ್ತು ಊರೂರು ತಿರುಗಿದೆ, ಮಕ್ಕಳನ್ನು ಓದಿಸಿದೆ, ಮನೆಗೆ ಮಾಳಿಗೆ ಹಾಕಿಸಿದೆ, ಆಮೇಲೆ ಅವನ ಆಶೀರ್ವಾದದಿಂದಲೇ ಸ್ವಂತ ಅಂಗಡಿ ತೆರೆದೆ. ನಾನು ಯಾರನ್ನು ಹೊರಹಾಕಿದೆನೋ ಅವನ ಉಪ್ಪಿನಲ್ಲಿ ನನ್ನ ಬಾಳು ಬೆಂದಿತು.

ಒಮ್ಮೆ ಝೂಲ ಮಾರಲು ಇಬ್ಬರೂ ದನದ ಸಂತೆಗೆ ಹೋಗಿದ್ದೆವು. ಎದುರಿಗೆ ಟವೆಲ್ಲಿನ ಕೆಳಗೆ ಎರಡು ಕೈ. ದಸ್ತಗೀರಣ್ಣ ಎಲೆ ಅಗಿಯುತ್ತ ನೋಡುತ್ತಿದ್ದ.

‘ಗುರುಪಾದ, ಒಳಗ ಏನ ನಡೀತೈತಿ ಅಂತ ಹೊರಗಿನವ್ರಿಗೆ ಎಂದೂ ತಿಳಿಯಂಗಿಲ್ಲೇನು?’

‘ಇಲ್ಲಣ್ಣಾ. ಹಿಡದಾವ ಹೇಳಿದ್ರ ಮಾತ್ರ.’

ಅವನು ಕಾದ. ಎಲೆಯ ರಸ ಉಗುಳಿ ಬಂದು ಮತ್ತೆ ನನ್ನ ಪಕ್ಕದಲ್ಲೇ ನಿಂತ. ನಾನು, ‘ಈ ಸಲ ಎತ್ತ ಭಾಳ ಬಂದಾವು’ ಎಂದೆ.

ಅವನಿಗೆ ಗೊತ್ತಿತ್ತೋ, ಸುಮ್ಮನೆ ಕೇಳಿದನೋ ಇವತ್ತಿಗೂ ನನಗೆ ತಿಳಿಯದು. ಗೊತ್ತಿದ್ದೂ ನನಗೆ ಕೆಲಸ ಕೊಟ್ಟಿದ್ದರೆ ಅವನು ದೊಡ್ಡವನು. ಗೊತ್ತಿಲ್ಲದೆ ಕೊಟ್ಟಿದ್ದರೂ ಅವನೇ ದೊಡ್ಡವನು. ನನ್ನ ಅಳತೆ ಮಾತ್ರ ಎರಡೂ ಕಡೆ ಒಂದೇ.

ಅವನು ಹೋಗಿ ಈಗ ಕೆಲವು ವರ್ಷವಾಯಿತು. ಮಣ್ಣು ಹಾಕಿ ಬಂದ ಮೇಲೆ, ಅವರ ಮನೆಯಲ್ಲಿ ನಲವತ್ತನೆಯ ದಿನದ ಊಟ ಮುಗಿದ ಮೇಲೆ, ನಾನು ಮಾಬೂಬಿ ವೈನಿಯ ಮುಂದೆ ಕೂತು ಎಲ್ಲ ಹೇಳಿದೆ. ಹೆಬ್ಬೆರಳಿನದೂ ಹೇಳಿದೆ, ಮರುದಿನದ ಮಾತೂ ಹೇಳಿದೆ. ಅವರು ಅಳಲಿಲ್ಲ, ಬೈಯಲಿಲ್ಲ. ಕಳೆ ತೆಗೆದ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು. ತಪ್ಪಿಸಿಕೊಳ್ಳುವ ಬುದ್ಧಿ ಇನ್ನೂ ಸತ್ತಿರಲಿಲ್ಲ. ನಾನು, ‘ಹೆಂಗೂ ಅಣ್ಣಗ ಅದರಿಂದ ಒಳ್ಳೇದ ಆತು ಅಂತ ಮಂದಿ...’ ಎಂದು ತೊಡಗಿದೆ.

‘ಒಳ್ಳೇದ ಅವರ ಮಾಡ್ಕೊಂಡ್ರು, ಯಪ್ಪಾ. ಅದರಾಗ ನೀ ಪಾಲ ಕೇಳಬ್ಯಾಡ’ ಎಂದರು.

ಅಲ್ಲಿಯೂ ನಾನು ಹೆಬ್ಬೆರಳು ಒತ್ತಲು ಹೋಗಿದ್ದೆ, ನೋಡಿ.

ಆಮೇಲೆ ಅವರೇ ಕೇಳಿದರು: ‘ಅವತ್ತ ಅವರು ನಿನಗ ರುಮಾಲ ಸುತ್ತಿದ್ರಲ್ಲ, ಒಬ್ಬರ ಮುಂದ ಸುತ್ತಿದ್ರೇನು?’

‘ಇಲ್ಲ ವೈನಿ. ಎಲ್ಲಾರ ಮುಂದ.’

‘ಮತ್ತ ನನಗ ಒಬ್ಬಾಕಿಗೆ ಯಾಕ ಹೇಳಾಕತ್ತಿ? ಎಲ್ಲಾರ ಮುಂದ ಹೇಳು.’

ಅಂದು ಕಾರಖಾನೆಯಲ್ಲಿದ್ದವರಲ್ಲಿ ಈಗ ಉಳಿದವರು ಕೆಲವರು. ಸಿದ್ರಾಮನ ಮನೆಗೆ ಹೋಗಿ ಹೇಳಿದೆ. ಅವನು ನನಗೆ ಚಹಾ ಕೊಡದೆ ಕಳಿಸಿದ. ಸರಿಯೇ ಮಾಡಿದ. ಉಳಿದವರಿಗೆ, ಅವರ ಮಕ್ಕಳಿಗೆ ಮುಟ್ಟಲಿ ಎಂದು ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಆ ಕೆಂಪು ರುಮಾಲು ಇನ್ನೂ ನನ್ನ ಟ್ರಂಕಿನಲ್ಲಿದೆ. ವೈನಿಗೆ ಕೊಡಲು ಹೋದೆ, ಬೇಡವೆಂದರು. ಸುಡಲು ಮನಸ್ಸಾಗಲಿಲ್ಲ. ಹೊಲಿಗೆಯಿಲ್ಲದ ಆ ಅಂಚಿನಲ್ಲಿ ಅವನು ಬೆರಳಿನಿಂದ ಹರಿದ ಗುರುತು ಇದೆ.

ಬುದ್ಧಿ ಹೇಳುವುದು ನನ್ನ ಹಳೆಯ ಚಟ. ಇದೊಂದು ಸಲ ಕೇಳಿಬಿಡಿ. ನಿಮ್ಮಲ್ಲೂ ಕೆಲಸ ಕಡಿಮೆಯಾಗುವ ಸುದ್ದಿ ಬಂದೀತು; ಬಾರದ ಕಾಲವಿಲ್ಲ. ಆಗ ನಿಮ್ಮ ಪರವಾಗಿ ಮಾತಾಡಲು ಒಬ್ಬನನ್ನು ಕಳಿಸುತ್ತೀರಿ. ಮಾತು ಬಲ್ಲವನು ಯಾರು ಎಂದು ಹುಡುಕಬೇಡಿ, ಅವನು ಸಿಕ್ಕೇ ಸಿಗುತ್ತಾನೆ. ‘ಈ ಚೌಕಾಸಿಯಲ್ಲಿ ನಿನ್ನ ಸ್ವಂತದ್ದು ಏನು ಸಿಕ್ಕಿಹಾಕಿಕೊಂಡಿದೆ?’ ಎಂದು ಎಲ್ಲರೆದುರು ಮೊದಲು ಅವನನ್ನೇ ಕೇಳಿ. ನಾಚಿಕೆಪಟ್ಟುಕೊಳ್ಳಬೇಡಿ, ಕೇಳಿಸಿಕೊಂಡವನಿಗೂ ಅದರಿಂದ ಉಪಕಾರ. ನನ್ನನ್ನು ಒಬ್ಬನಾದರೂ ಕೇಳಿದ್ದರೆ... ಇಲ್ಲ, ಅದೂ ನೆಪ. ಒಬ್ಬನನ್ನೇ ಕಳಿಸಬೇಡಿ, ಇಬ್ಬರನ್ನು ಕಳಿಸಿ. ಒಂದು ವೇಳೆ ನಿಮ್ಮನ್ನೇ ಕಳಿಸಿದರೆ, ಹೋಗುವವರ ಸಾಲಿನಲ್ಲಿ ನಿಮ್ಮ ಹೆಸರನ್ನು ನೀವೇ ಮೊದಲು ಹೇಳಿ, ಆಮೇಲೆ ಮಾತಿಗೆ ಕೂರಿ. ಅಂಕಿಯನ್ನು ಬಾಯಿಂದ ಆಡಿ, ಕೂತವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಗಲಾಟೆಯಾದರೆ ಆಗಲಿ. ಟವೆಲ್ ಹೆಗಲ ಮೇಲೆಯೇ ಇರಲಿ.